ಎರಡು ಸೀಲಿನ ಊಟ

ಕಷ್ಟದಲ್ಲಿರುವ ನೆರೆಯವರಿಗೆ ಒದಗಿಬರುವುದಕ್ಕಿಂತ ದೊಡ್ಡ ಧರ್ಮ ಇನ್ನೊಂದಿಲ್ಲ. ಒದಗಿಬರುವವನು ಪೊಟ್ಟಣದ ಮೇಲಿನ ಚೀಟಿಯನ್ನು ಓದಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಸಿಂಗಾಪುರದ ನೆರೆದೇಶದ ಮಾಂಟ್ ಕಿಯಾರಾ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು ಯಹೂದಿಗಳು. ಅವರ ಆರು ವರ್ಷದ ಮಗಳು ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದ್ದಳು. ತಾಯಿ ಮಂಚದ ಪಕ್ಕದಿಂದ ಕದಲುತ್ತಿರಲಿಲ್ಲ. ಅವರ ಆಚಾರಕ್ಕೆ ಒಪ್ಪುವ ಅಡುಗೆ ಅಲ್ಲಿ ಇರಲಿಲ್ಲ. ಇಂಥ ಕುಟುಂಬಗಳಿಗೆಂದೇ ಇರುವ ಸಂಘವೊಂದು ಸಿಂಗಾಪುರದಿಂದ ವಾರವಾರ ಎರಡು ಹೊದಿಕೆಯಲ್ಲಿ ಸೀಲು ಮಾಡಿದ ಊಟ ಕಳಿಸುತ್ತಿತ್ತು. ಆ ಶುಕ್ರವಾರ ಅದನ್ನು ಮುಟ್ಟಿಸುವ ಹೊಣೆ ನನ್ನದು. ಹಿಂದಿನ ವಾರದ್ದು ಮುಗಿದು, ಆಕೆ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೂರ್ಯ ಮುಳುಗಿದರೆ ಸಬ್ಬತ್, ಅವರ ವಾರದ ವಿಶ್ರಾಂತಿಯ ದಿನ. ಆಮೇಲೆ ಬಿಸಿ ಮಾಡುವಂತಿಲ್ಲ.

"ಯಾರಿಗೂ ಬಿಚ್ಚಲಿಕ್ಕೆ ಬಿಡಬೇಡಿ ಅಂಕಲ್" ಎಂದು ತಾಯಿ ಫೋನಿನಲ್ಲಿ ಹೇಳಿದ್ದರು.

ಆಸ್ಪತ್ರೆಯ ನಿಯಮವೋ, ಹೊರಗಿನ ಊಟವನ್ನು ಬಿಚ್ಚಿ ತೋರಿಸಬೇಕು. ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸಿದರು, ಅದರವರು ನಾಲ್ಕನೇ ಮಹಡಿಗೆ. ಅಲ್ಲಿ ಕೂತಿದ್ದವರು, ದೇವರ ದಯೆ, ಮಂಗಳೂರಿನ ಕ್ರೈಸ್ತರು.

"ಫಾರ್ಮಲ್ಲಿ ಎರಡೇ ಬಾಕ್ಸ್ ಉಂಟು ಮಾರಾಯ್ರೇ. ಹಲಾಲ್, ವೆಜಿಟೇರಿಯನ್. ಯಾವುದಕ್ಕೆ ಟಿಕ್ ಹಾಕುದು?"

"ಎರಡೂ ಅಲ್ಲ."

"ಹಾಗಾದ್ರೆ ಸಿಸ್ಟಮ್ ತಗೊಳ್ಳುದಿಲ್ಲ ಲಾ!" ಮಾತಿನ ಕೊನೆಗೆ ಇಲ್ಲಿಯವರು ಹಚ್ಚುವ 'ಲಾ' ಅವರಿಗೂ ಅಂಟಿತ್ತು.

ಮುಕ್ಕಾಲು ಗಂಟೆ ವಾದಿಸಿದೆ. ಕೊನೆಗೆ ಅವರು ನಿಟ್ಟುಸಿರು ಬಿಟ್ಟು, ಅದನ್ನು ವೈದ್ಯಕೀಯ ಸಾಮಗ್ರಿ ಎಂದು ಬರೆದು ಸಹಿ ಹಾಕಿದರು. ಸೀಲು ಉಳಿಯಿತು. ದಿಗ್ವಿಜಯ ಮಾಡಿದವನಂತೆ ವಾರ್ಡಿನ ಪ್ಯಾಂಟ್ರಿಗೆ ನಡೆದೆ.

ಅಲ್ಲಿ ನನ್ನೊಳಗಿನ ಉಡುಪಿ ಎದ್ದು ಕೂತಿತು. ವಿಮಾನದವರು, ಡ್ರೈವರು, ಸೆಕ್ಯುರಿಟಿಯವರು, ಎಷ್ಟು ಜನ ಮುಟ್ಟಿದ ಪೊಟ್ಟಣ! ಇದೆಂಥ ಮಡಿ? ಯಾರಿಗೂ ಬಿಡಬೇಡಿ ಎಂದರೆ ಹೊರಗಿನವರಿಗೆ. ಮಿಂದು, ಒಗೆದ ಅಂಗಿ ತೊಟ್ಟು ಬಂದ ನನಗಲ್ಲವಷ್ಟೆ. ಎರಡೂ ಹೊದಿಕೆ ಕತ್ತರಿಸಿದೆ. ಮನೆಯಿಂದ ಮೂರು ಸಲ ತೊಳೆದು ತಂದಿದ್ದ ಹೊಸ ಗಾಜಿನ ಬಟ್ಟಲಿಗೆ ಸುರಿದು, ಮೈಕ್ರೋವೇವಿನಲ್ಲಿ ಬಿಸಿ ಮಾಡಿ, ಸೂರ್ಯ ಮುಳುಗುವ ಮೊದಲೇ ತಾಯಿಯ ಮುಂದಿಟ್ಟೆ.

"ಕವರ್ ಎಲ್ಲಿ ಅಂಕಲ್?"

"ಎಸೆದೆ."

ಅವರು ಕಣ್ಣು ಮುಚ್ಚಿ ತೆರೆದರು. ಎಲ್ಲರ ಅಡುಗೆ ಬಿಸಿಯಾಗುವ ಆ ಮೈಕ್ರೋವೇವಿನಲ್ಲಿ ಸೀಲು ಒಡೆಯದೆ ಬಿಸಿ ಮಾಡಿದರಷ್ಟೇ ಅದು ತಮಗೆ ಸಲ್ಲುತ್ತದೆ, ಚೀಟಿಯಲ್ಲಿ ಬರೆದಿದೆ ಎಂದರು. ಔಷಧಿಯ ಲೇಬಲ್ ಓದಿ ಎಂದು ಮೂವತ್ತು ವರ್ಷ ವಿದ್ಯಾರ್ಥಿಗಳನ್ನು ಬೈದವನು ನಾನು.

"ಅಮ್ಮಾ, ಅಂಕಲ್ಲೇ ಬಿಚ್ಚಿಬಿಟ್ರಾ?" ಎಂದು ಮಂಚದಿಂದ ಮಗು ಇಂಗ್ಲಿಷಿನಲ್ಲಿ ಕೇಳಿ, ಬಹಳ ದಿನಗಳ ಮೇಲೆ ನಕ್ಕಿತು.

ಆ ಸಂಜೆ ತಾಯಿ ಎರಡು ಬಾಳೆಹಣ್ಣು ತಿಂದರು.