ನೀಲಿ ಡಬ್ಬಿ, ಕಿತ್ತಳೆ ಡಬ್ಬಿ

ಮೊನ್ನೆ ಮೆಹದಿಪಟ್ಟಣಂ ಬಸ್ ನಿಲ್ದಾಣದ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ತಂತಿಗೆ ತಾಗಿಸಿದ. ರಾಳದ ಹೊಗೆ ಎಳೆಯಾಗಿ ಎದ್ದಿತು. ನಿಮಗೆ ಆ ವಾಸನೆ ಗೊತ್ತೋ ಇಲ್ಲವೋ. ಸ್ವಲ್ಪ ಧೂಪ, ಸ್ವಲ್ಪ ಸುಟ್ಟ ಪ್ಲಾಸ್ಟಿಕ್ಕು. ನನಗೆ ಮಾತ್ರ ಅದು ಅವ್ವನ ಸೀರೆಯ ವಾಸನೆ. ಮೂವತ್ತೆರಡು ವರ್ಷ ಸಂಜೆಯಾದರೆ ಆ ವಾಸನೆಯೇ ಮೊದಲು ಮನೆಯೊಳಗೆ ಬರುತ್ತಿತ್ತು, ಹಿಂದಿನಿಂದ ಅವ್ವ. ಮೊನ್ನೆ ಅದು ಮೂಗಿಗೆ ಬಡಿದಾಗ ಬೇರೆ ಏನೂ ನೆನಪಾಗಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ ಬೆಳಿಗ್ಗೆ ಕಣ್ಣ ಮುಂದೆ ಬಂತು. ಆ ದಿನ ನನಗಾದ ಆಘಾತ ಇನ್ನೂ ಪೂರ್ತಿ ಇಳಿದಿಲ್ಲ.

ನಾವು ಗದಗಿನ ಕಡೆಯವರು. ಅಪ್ಪನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಹೈದರಾಬಾದಿಗೆ ಬಂದೆವು. ಅವ್ವನಿಗೂ ಅಂಥದ್ದೇ ಇನ್ನೊಂದು ಕಾರ್ಖಾನೆಯಲ್ಲಿ ಕೆಲಸವಾಯಿತು. ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುವುದು. ಆ ಬೋರ್ಡು ಯಾವ ಯಂತ್ರದ್ದು, ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ಯಾರೂ ಹೇಳುವಂತಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಶಾಂತಮ್ಮ ಕೈ ಹಚ್ಚಿದ್ದನ್ನು ಎರಡನೇ ಸಲ ನೋಡಬೇಕಿಲ್ಲ ಎಂದು ಅವ್ವನ ತೆಲುಗು ಮೇಲ್ವಿಚಾರಕರು ಹೇಳುತ್ತಿದ್ದರಂತೆ. ಅವ್ವ ಹೇಳಿಕೊಳ್ಳುತ್ತಿದ್ದ ಒಂದೇ ಹೆಮ್ಮೆ ಅದು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವ್ವ, ನಾನು, ಇಬ್ಬರೇ.

ನನ್ನ ಕೆಲಸ ಗಚ್ಚಿಬೌಲಿಯ ಒಂದು ಆಫೀಸಿನಲ್ಲಿ. ಯಂತ್ರಗಳನ್ನು ಹೇಗೆ ಬಳಸಬೇಕೆಂದು ಕೈಪಿಡಿ ಬರೆಯುತ್ತೇನೆ. ‘ನಿಧಾನವಾಗಿ ಮುಚ್ಚಳ ತೆಗೆಯಿರಿ’ ಎಂದು ನೂರಾರು ಸಲ ಬರೆದಿದ್ದೇನೆ. ಒಂದು ಮುಚ್ಚಳವನ್ನೂ ತೆಗೆದವಳಲ್ಲ.

ಅವ್ವ ನಿವೃತ್ತಳಾದ ತಿಂಗಳಲ್ಲೇ, ಚಪಾತಿ ಹಿಟ್ಟು ನಾದುತ್ತಾ, “ನಂಗೊಂದು ಕಂಪ್ಯೂಟರ್ ಮಾಡಬೇಕಾಗೇತಿ” ಅಂದಳು.

“ತಗೋಬೇಕಾಗೇತಿ ಅನ್ನು,” ಎಂದೆ ನಾನು, ಕೈಪಿಡಿಯವಳು.

“ತಗೊಳ್ಳೂದಲ್ಲ, ಮಾಡೂದು. ಬಿಡಿ ಸಾಮಾನು ತಂದು ನಾನ ಕೂಡಸ್ತೀನಿ. ಇಷ್ಟ ವರ್ಷ ಬೋರ್ಡ್ ಮಾಡಿ ಮಾಡಿ ಬಾಗಲಾ ಆಚಿ ಕಳಿಸೀನಿ. ಒಂದೂ ಹತ್ತಿದ್ದು ನೋಡಿಲ್ಲ.”

ನಾನು ಬೆರಗಾಗಿ ನಿಂತೆ. ಮೂವತ್ತೆರಡು ವರ್ಷ ದುಡಿದ ಕೈ, ತಾನು ಮಾಡಿದ್ದರಲ್ಲಿ ಒಂದೇ ಒಂದಕ್ಕೆ ಜೀವ ಬಂದದ್ದನ್ನು ನೋಡಿಲ್ಲವೆಂದರೆ! ಆ ಮಾತನ್ನು ಇನ್ನೂ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ನಾನು ಅಂಥವಳಲ್ಲ. ಮರುದಿನವೇ ಲ್ಯಾಪ್‌ಟಾಪ್ ತೆರೆದು, ಕಂಪ್ಯೂಟರಿನ ಮಿದುಳಾದ ಪ್ರಾಸೆಸರ್ ಚಿಪ್ಪು ಯಾವುದಿರಬೇಕು ಎಂಬ ಸಂಶೋಧನೆಗೆ ಇಳಿದೆ.

ಈ ಲೋಕಕ್ಕೆ ಇಳಿದವರಿಗೆ ಗೊತ್ತು, ಅಲ್ಲಿ ಎರಡು ಕಂಪನಿಗಳು, ಎರಡು ಪಂಗಡಗಳು. ಹೆಸರು ಬೇಡ; ನಮ್ಮ ಮನೆಯಲ್ಲಿ ಡಬ್ಬಿಯ ಬಣ್ಣ ನೋಡಿ ನೀಲಿ, ಕಿತ್ತಳೆ ಎಂದೇ ಕರೆದೆವು. ಒಂದು ವಾರದೊಳಗೆ ನಾನು ಕಟ್ಟಾ ಕಿತ್ತಳೆಯವಳಾದೆ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ: ಹತ್ತು ವಿಡಿಯೋ, ಇಂಟರ್ನೆಟ್ಟಿನಲ್ಲಿ ಅಪರಿಚಿತರ ಜಗಳಗಳನ್ನು ಓದಿದ ಉತ್ಸಾಹ. ಆಫೀಸಿನ ಕ್ಯಾಬ್‌ನಲ್ಲಿ ನೀಲಿಯ ಪಂಗಡದವನೊಬ್ಬ ಸಿಕ್ಕರೆ ನಮ್ಮ ಮೆಹದಿಪಟ್ಟಣಂ ಬರುವವರೆಗೂ ವಾದಿಸುತ್ತಿದ್ದೆ.

ಅವ್ವ ಮಾತ್ರ ಮೊದಲ ದಿನದಿಂದ ಒಂದೇ ಮಾತು: “ನೀಲಿದ ಇರ್ಲಿ.”

“ಯಾಕಬೇ?”

“ಹಳೇ ಹೆಸರು.” ಇನ್ನೊಂದು ದಿನ, “ಡಬ್ಬಿ ಛಲೋ ಐತಿ.” ಮತ್ತೊಂದು ದಿನ, “ನಂಗ ಅದ ಛಲೋ ಅನಸ್ತೈತಿ, ಬಿಡವಾ.” ಕಾರಣಗಳು ದಿನಕ್ಕೊಂದು. ನಾನು ನಗುತ್ತಿದ್ದೆ. ಬೋರ್ಡು ಮಾಡಿದವಳಾದರೂ ಡಬ್ಬಿ ನೋಡಿ ಸಾಮಾನು ಕೊಳ್ಳುತ್ತಾಳಲ್ಲ ಎಂದು ಗೆಳತಿಯರಿಗೆ ಹೇಳಿಕೊಂಡೂ ನಕ್ಕಿದ್ದೆ. ಕೊನೆಗೆ ಶಾಖ, ವೇಗ, ಚಿತ್ರದ ಸೊಗಸು ಎಂದೆಲ್ಲ ಪಟ್ಟಿ ಮಾಡಿ ಅವಳ ಮುಂದೆ ಹಿಡಿದೆ.

ಸಿಕಂದರಾಬಾದಿನ ಕಂಪ್ಯೂಟರ್ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವರು ಹಿಂದಿಯಲ್ಲಿ ಶುರುಮಾಡಿ, ನಮ್ಮಿಬ್ಬರ ಜಗಳ ಕೇಳಿ, “ನೀವು ನಮ್ಮ ಕಡಿಯವ್ರೇನ್ರಿ? ನಂದು ಬೀದರ್” ಎಂದು ಕುರ್ಚಿ ಎಳೆದು ಕೊಟ್ಟರು. ಅವ್ವ ಕೂರಲಿಲ್ಲ. ತೆರೆದಿಟ್ಟ ಎರಡೂ ಚಿಪ್ಪುಗಳನ್ನು ಬೋರಲು ಹಾಕಿ ತೋರಿಸಲು ಹೇಳಿದಳು. ನೀಲಿಯದರ ಹೊಟ್ಟೆ ಸಪಾಟು. ಅದರ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ. ಕಿತ್ತಳೆಯ ಹೊಟ್ಟೆಯ ತುಂಬ ಕೂದಲಿನಷ್ಟು ಸಣ್ಣ ಚಿನ್ನದ ಬಣ್ಣದ ಪಿನ್ನುಗಳು, ಸಾಲು ಸಾಲಾಗಿ. ಅವ್ವ ಕನ್ನಡಕ ಸರಿಮಾಡಿಕೊಂಡು ಅವನ್ನೇ ಬಹಳ ಹೊತ್ತು ನೋಡಿದಳು.

“ಎರಡೂ ಛಲೋನ ಅದಾವ್ರಿ ಅಮ್ಮಾರ,” ಅಂದರು ಅಂಗಡಿಯವರು. “ಮನಿ ಕೆಲಸಕ್ಕ ಯಾವ್ದಾದ್ರೂ ನಡೀತೈತಿ.”

“ಕಿತ್ತಳೆ,” ಎಂದೆ ನಾನು.

ಅವ್ವ ನನ್ನ ಮುಖ ನೋಡಿದಳು. “ಆತು. ನಿನ್ನಿಷ್ಟ.”

ಗೆದ್ದೆ ಎಂದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗಂಡಿನ ಕಡೆಯವಳಂತೆ ಕೂತಿದ್ದೆ.

ಆ ಭಾನುವಾರ ಬೆಳಿಗ್ಗೆ ಅವ್ವ ತಲೆಸ್ನಾನ ಮಾಡಿ, ಊಟದ ಮೇಜಿನ ಮೇಲೆ ಎಲ್ಲ ಸಾಮಾನು ಹರವಿದಳು. ಮೈಯಲ್ಲಿರುವ ಸಣ್ಣ ಕರೆಂಟು ಚಿಪ್ಪಿಗೆ ತಾಗಬಾರದೆಂದು ಮೊದಲು ನಲ್ಲಿಯ ಕಬ್ಬಿಣ ಮುಟ್ಟಿ ಬಂದಳು. ನಾನು ಫೋನು ಹಿಡಿದು ಫೋಟೋಕ್ಕೆ ಸಿದ್ಧಳಾಗಿದ್ದೆ. ಚಿಪ್ಪನ್ನು ಬಿಗಿಹಿಡಿಯುವ ಬೋರ್ಡಿನ ಸಣ್ಣ ಸನ್ನೆಕಡ್ಡಿಯನ್ನು ಎತ್ತಿದಳು. ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದಳು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿಕೊಂಡಳು. ಯಾಕೆ ಹಾಗೆ ಹಿಡಿದಿದ್ದಾಳೆ ಎಂದು ನಾನು ಯೋಚಿಸುವಷ್ಟರಲ್ಲಿ ಚಿಪ್ಪು ಬೆರಳಿಂದ ಜಾರಿ, ಮೇಜಿನ ಅಂಚಿಗೆ ಬಡಿದು, ನೆಲಕ್ಕೆ ಬಿತ್ತು.

“ಯವ್ವಾ! ಏನ್ ಮಾಡಿದಿ!” ಎಂದು ಕೂಗಿದೆ. ಕೂಗಿದವಳು ನಾನೇ; ಇಂದಿಗೂ ಆ ದನಿ ನನಗೆ ಕೇಳಿಸುತ್ತದೆ.

ಬಗ್ಗಿ ಎತ್ತಿಕೊಂಡು ನೋಡಿದರೆ ಒಂದು ಮೂಲೆಯ ಪಿನ್ನುಗಳೆಲ್ಲ ಮಲಗಿದ್ದವು. ಇನ್ನೇನೋ ಹೇಳಲು ತಲೆ ಎತ್ತಿದೆ. ಅವ್ವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದರಲ್ಲಿ ಏನೂ ಇರಲಿಲ್ಲ. ಅದು ನಡುಗುತ್ತಿತ್ತು. ಹೆದರಿಕೆಯ ನಡುಕವಲ್ಲ, ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜುತ್ತಾ, ಕಾಣದ ಎಳೆಯೊಂದನ್ನು ಹೊಸೆಯುವ ಹಾಗೆ, ನಿಲ್ಲದೆ. ಶಾಂತಮ್ಮನ ಕೈ. ಎರಡನೇ ಸಲ ನೋಡಬೇಕಿಲ್ಲದ ಕೈ.

“ಎಷ್ಟ ದಿನಾ ಆತಬೇ?”

“ರಿಟೈರ್ ಆಗೂಕಿಂತ ಒಂದ್ ವರ್ಷ ಮೊದ್ಲ.”

“ಮತ್ತ ಅಲ್ಲೆ ಕೆಲಸಾ?”

“ಬೆಸಗಿ ಹೊಗಿ ಆಗಿ ಬರೂದಿಲ್ಲ ಅಂತ ಸುಳ್ಳ ಹೇಳಿ ತಪಾಸಣಿ ಕಡೆ ಹಾಕಿಸ್ಕೊಂಡಿದ್ದೆ. ಅದ್ಕ ನಿಂಗ ನೀಲಿದು ಅಂದಿದ್ದು. ಅದರ ಹೊಟ್ಟಿ ಸಪಾಟ ಐತಿ. ಕೈ ಜಾರಿ ಬಿದ್ರೂ ಬಾಗಾಕ ಅದರಾಗೇನಿಲ್ಲ.”

ಹಳೇ ಹೆಸರು, ಚೆಂದದ ಡಬ್ಬಿ ಎಂದು ದಿನಕ್ಕೊಂದು ಕಾರಣ ಹುಡುಕುತ್ತಿದ್ದವಳ ಬಳಿ ಇದ್ದದ್ದು ಇದೊಂದೇ ಕಾರಣ.

“ನಂಗ ಹೇಳಬಾರ್ದಾಗಿತ್ತೇನಬೇ?”

“ಹೇಳಿದ್ರ ನೀ ಇದನ್ನ ನನ್ನ ಕೈಯಾಗ ಕೊಡ್ತಿದ್ದೇನು?”

ಕೊಡುತ್ತಿರಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಅವ್ವ ಒಂದು ವರ್ಷದಿಂದೀಚೆಗೆ ಅರ್ಧ ಕಪ್ ಚಹಾ ಮಾತ್ರ ತಂದುಕೊಡುತ್ತಿದ್ದಳು. ಸಕ್ಕರೆ ಕಾಯಿಲೆಗೆ ಹೆದರಿದ್ದಾಳೆ ಅಂದುಕೊಂಡಿದ್ದೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಅನ್ನಕ್ಕೆ ಚಮಚ ಬಳಸತೊಡಗಿದ್ದಳು. ಎದುರಿಗೇ ಕೂತು ಊಟ ಮಾಡಿದ್ದೇನೆ, ದಿನಾ. ಬಿಸ್ಕತ್ತಿನಷ್ಟಿರುವ ಚಿಪ್ಪನ್ನು ಹತ್ತು ವಿಡಿಯೋದಲ್ಲಿ ಪರೀಕ್ಷಿಸಿದವಳು ತಟ್ಟೆಯ ಆಚೆಗಿದ್ದ ಕೈಯನ್ನು ಒಂದು ಸಲವೂ ನೋಡಿರಲಿಲ್ಲ.

“ಅಳೂದು ಆಮ್ಯಾಲ,” ಅಂದಳು ಅವ್ವ. “ಪೆನ್ ಪೆನ್ಸಿಲ್ ಐತೇನು? ಕಡ್ಡಿ ತಗದು ಖಾಲಿ ಮಾಡು.”

ಸೀಸದ ಕಡ್ಡಿ ತೆಗೆದ ಪೆನ್ಸಿಲ್ಲಿನ ಮೂತಿ ಪಿನ್ನಿನ ಮೇಲೆ ಸರಿಯಾಗಿ ಕೂರುತ್ತದೆಂದು ನನಗೇನು ಗೊತ್ತು? ಅವ್ವ ಭೂತಗನ್ನಡಿ ಹಿಡಿಯಲಾರಳು, ಅದೂ ನಡುಗುತ್ತದೆ. ಆದ್ದರಿಂದ ಎರಡು ಡಬ್ಬಿಗಳ ನಡುವೆ ಅದನ್ನು ಆನಿಸಿಟ್ಟು, ಪಕ್ಕದಲ್ಲಿ ಕೂತಳು. “ಜಗ್ಗಬ್ಯಾಡ. ಸ್ವಲ್ಪ ಸ್ವಲ್ಪ ಎಬ್ಬಸು. ಉಸರು ಬಿಡು. ಈಗ ಮುಂದಿಂದು.” ಹದಿನಾಲ್ಕು ಪಿನ್ನುಗಳು. ಬೆವರಿನಿಂದ ನನ್ನ ರವಿಕೆ ಬೆನ್ನಿಗೆ ಅಂಟಿತ್ತು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಒಂದೂ ಮುರಿಯಲಿಲ್ಲ.

ಕೊನೆಗೆ ಚಿಪ್ಪನ್ನು ಅವಳ ಮುಂದೆ ಹಿಡಿದೆ. “ತಗೋಬೇ. ನೀನ ಕೂಡಸು.”

ಅವ್ವ ಅದನ್ನು ನೋಡಿ ತಲೆ ಅಲ್ಲಾಡಿಸಿದಳು. “ನೀ ಕೂಡಸು. ಸನ್ನಿ ನಾ ಒತ್ತತೀನಿ. ಅದಕ್ಕ ಬಲ ಬೇಕು, ಅದು ನನ್ಹತ್ರ ಐತಿ.” ನಾನು ಮೂಲೆ ಹೊಂದಿಸಿ ಬಿಟ್ಟೆ; ಚಿಪ್ಪು ಸದ್ದಿಲ್ಲದೆ ಇಳಿದು ಕೂತಿತು. ಅವ್ವ ಸನ್ನೆ ಒತ್ತಿದಳು.

ಸಂಜೆ ಪರದೆ ಬೆಳಗಿತು. ಬರೀ ಕಪ್ಪು ಹಿನ್ನೆಲೆ, ಒಂದೆರಡು ಸಾಲು ಬಿಳಿ ಅಕ್ಷರ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹತ್ತಿತಲ್ಲವಾ,” ಅಂದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮರುವಾರ ಡಾಕ್ಟರು ಅವಳಿಗೆ ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು, ಕಾರಿಡಾರಿನಲ್ಲಿ ನಡೆಸಿದರು, ಪಾರ್ಕಿನ್ಸನ್ ಎಂದರು. ಗುಳಿಗೆಯಿಂದ ಹತೋಟಿಯಲ್ಲಿಡಬಹುದು, ಹೋಗುವುದಿಲ್ಲ. ನಾನು ಮತ್ತೆ ದಿಗ್ಭ್ರಮೆಯಿಂದ ಕೂತೆ. ಅವ್ವ ಗುಳಿಗೆಯ ಹೊತ್ತು ಕೇಳಿ ಬರೆಸಿಕೊಂಡಳು. ಅಂದಿನಿಂದ ಮನೆಯಲ್ಲಿ ನಾವು ಗುಳಿಗೆಯ ಮಾತಾಡುತ್ತೇವೆ, ಡಾಕ್ಟರ ಮಾತಾಡುತ್ತೇವೆ. ನಡುಕ ಎಂಬ ಪದವನ್ನು ಮಾತ್ರ ನಾನು ಬಾಯಿಗೆ ತಂದಿರಲಿಲ್ಲ. ನಾಲ್ಕು ವರ್ಷ.

ನಿನ್ನೆ ಸಂಜೆ ಕಂಪ್ಯೂಟರಿನ ಪೆಟ್ಟಿಗೆಯೊಳಗಿನ ಫ್ಯಾನಿನಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಅವ್ವ ಬಂದು ಅದರ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತಳು.

“ಪೆಟಗಿ ನಡಗಾಕತ್ತೈತೋ, ನನ್ನ ಕೈ ನಡಗಾಕತ್ತೈತೋ? ನೋಡಿ ಹೇಳವಾ.”

ಏನೋ ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ನನ್ನ ಅಂಗೈಯನ್ನು ಅವಳ ಕೈಯ ಪಕ್ಕದಲ್ಲಿಟ್ಟು ನೋಡಿದೆ.

“ಎರಡೂ ಬೇ,” ಎಂದೆ.

ಅವ್ವ ಕಣ್ಣು ತೆರೆದು ನನ್ನನ್ನೇ ನೋಡಿದಳು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟಳು. “ಹಂಗಾರ ಮೊದ್ಲ ಫ್ಯಾನ್ ಬಿಚ್ಚು. ಅದು ರಿಪೇರಿ ಆಕ್ಕೈತಿ.”

ನಾನು ಸ್ಕ್ರೂಡ್ರೈವರ್ ಹುಡುಕಲು ಎದ್ದೆ.