ಹತ್ತುವಾಗ ಒಳ್ಳೆಯ ಕಾಲು

ಇವತ್ತು ಬೆಳಿಗ್ಗೆ ಪಾಣೆಮಂಗಳೂರಿನಲ್ಲಿ ಬಸ್ಸು ಹತ್ತಿದ ಯಾರದೋ ಮೊಣಕಾಲಿನಿಂದ ನೋವಿನೆಣ್ಣೆಯ ವಾಸನೆ ಘಮ್ಮೆಂದು ಬಂತು. ಟಿಕೆಟ್ ಕೊಡುತ್ತಿದ್ದ ನನ್ನ ಕೈ ಒಂದು ಕ್ಷಣ ನಿಂತಿತು. ಆ ವಾಸನೆಗೂ ನನಗೂ ಹಳೆಯ ಜಗಳ. ನೀವು ಕಿಟಕಿ ಪಕ್ಕದ ಸೀಟಿನಲ್ಲಿದ್ದೀರಿ ಎಂದುಕೊಳ್ಳುತ್ತೇನೆ. ಸಿದ್ದಕಟ್ಟೆ ಬರುವುದರೊಳಗೆ ಹೇಳಿ ಮುಗಿಸಬಹುದು.

ನಾನು ಮೆಲ್ಕಾರಿನಿಂದ ಬೆಳುವಾಯಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಅದಕ್ಕೂ ಮೊದಲೇ ನನಗೊಂದು ಹುದ್ದೆಯಿತ್ತು. ನಾನು ಕಾಲು ಮುಂದಾಗಿ ಹುಟ್ಟಿದವನು. ಹಾಗೆ ಹುಟ್ಟಿದವರ ಪಾದವನ್ನು ಬೆನ್ನಿಗೆ ಮೂರು ಸಲ ತಾಗಿಸಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಂಗನವಾಡಿಯ ವಯಸ್ಸಿನಲ್ಲೇ ನಾನು ಊರಿನ ದೊಡ್ಡ ದೊಡ್ಡವರನ್ನೆಲ್ಲ ಒದ್ದಿದ್ದೇನೆ. ಒದೆಸಿಕೊಂಡವರು ಮೇಲಿಂದ ಬಾಳೆಹಣ್ಣು ಕೊಟ್ಟಿದ್ದಾರೆ. ಇಂಥ ಬಾಲ್ಯ ಕಳೆದವನಿಗೆ ತನ್ನ ಕಾಲಿನ ಬಗ್ಗೆ ಸ್ವಲ್ಪ ಜಂಬ ಬರುವುದು ಸಹಜವಲ್ಲವೇ?

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹಾರಿ ಇಳಿಯುವುದು, ಹೊರಟ ಮೇಲೆ ಓಡಿ ಹತ್ತುವುದು ನನ್ನ ಶೋಕಿ. ನಿಧಾನವಾಗಿ ಹತ್ತುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಅದರಲ್ಲೂ ಐಸಮ್ಮನನ್ನು ಕಂಡರೆ. ನಮ್ಮ ಕೇರಿಯವರೇ ಆದ ಈ ಮುದುಕಿ ಪ್ರತಿ ಶನಿವಾರ ಮೂಡುಬಿದಿರೆಯ ಮಗಳ ಮನೆಗೆಂದು ಕೋಲೂರಿಕೊಂಡು ಬರುತ್ತಿದ್ದರು. "ಬೇಗ ಹತ್ತಿ ಮಾರಾಯ್ರೆ, ಹಿಂದೆ ಇನ್ನೊಂದು ಬಸ್ಸುಂಟು!" ಎಂದು ಅವರ ತಲೆಯ ಮೇಲೆಯೇ ಕೂಗುತ್ತಿದ್ದೆ. ಅವರು ಒಮ್ಮೆಯೂ ಉತ್ತರ ಕೊಟ್ಟವರಲ್ಲ.

ಆರು ವರ್ಷಗಳ ಹಿಂದೆ ಮೆಲ್ಕಾರಿನಲ್ಲಿ ಹಾಗೆಯೇ ಹಾರಿದೆ. ಕಾಲಡಿ ಜಲ್ಲಿಯಿತ್ತು. ಬಲಗಾಲಿನ ಪಾದ ಒಳಕ್ಕೆ ಮಗುಚಿತು. ನನ್ನ ಕಾಲಿಗೇ ಉಳುಕೇ! ಮರ್ಯಾದೆಗೆ ಅಂಜಿ ಯಾರಿಗೂ ಹೇಳದೆ, ಮನೆಗೆ ಬಂದು ನೋವಿನೆಣ್ಣೆ ಬಿಸಿ ಮಾಡಿ ಹಚ್ಚಿ ಗಸಗಸ ಉಜ್ಜಿದೆ. ಮರುದಿನ ಅದೇ ಕಾಲಿನಲ್ಲಿ ಎಲ್ಲ ಟ್ರಿಪ್ಪೂ ಹೋದೆ. ಸಂಜೆಗೆ ಪಾದ ಜೀಗುಜ್ಜೆ ಕಾಯಿಯಷ್ಟು ದಪ್ಪ ಊದಿತ್ತು. ಬಂಟ್ವಾಳದ ಡಾಕ್ಟರು ಎಕ್ಸರೇ ನೋಡಿ, ಎಲುಬಿಗೇನೂ ಆಗಿಲ್ಲ, ಒಳಗಿನ ನಾರು ಹರಿದಿದೆ ಎಂದರು. "ಮೊದಲ ಎರಡು ಮೂರು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡ್ಬೇಕು, ಬ್ಯಾಂಡೇಜು ಕಟ್ಟಿ ಕಾಲನ್ನು ದಿಂಬಿನ ಮೇಲಿಡ್ಬೇಕು. ಬಿಸಿ ಎಣ್ಣೆ ಹಾಕಿ ತಿಕ್ಕಲಿಕ್ಕೆ ಯಾರು ಹೇಳಿದ್ದು ನಿಮಗೆ?" ಯಾರೆಂದು ಹೇಳಲಿ? ಊರಿನ ಉಳುಕಿನ ವೈದ್ಯ ನಾನೇ.

ನೋಡಲು ಬಂದವರೆಲ್ಲ "ಮದ್ದೇ ಮಲಗಿತಲ್ಲ ಮಾರಾಯ!" ಎಂದು ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನ ಧಣಿಗಳ ಫೋನ್ ಬಂದ ದಿನ ನಗು ಬರಲಿಲ್ಲ. "ಎರಡು ತಿಂಗಳಿಗೆ ಬೇರೆ ಜನ ಹಾಕ್ತೇನೆ. ಅಷ್ಟರಲ್ಲಿ ಸರಿಯಾಗಿ ಹತ್ತಿ ಇಳಿಯುವ ಹಾಗಾದ್ರೆ ಬಾ. ಇಲ್ಲದಿದ್ರೆ ಆಫೀಸಲ್ಲಿ ಕೂತ್ಕೋ" ಎಂದರು. ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು ಗಾಳಿ ಕುಡಿದವನಿಗೆ ಮಾತ್ರ ಆ ಕುರ್ಚಿ ಜೈಲಿನಂತೆ ಕಂಡಿತು. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮೂರನೆಯ ವಾರ ಐಸಮ್ಮ ಬಂದರು. ಯಾರಿಂದಲೋ ತಂದ ಉದ್ದದ ಕೋಲು ಹಿಡಿದು ನಾನು ಅಂಗಳದಲ್ಲಿ ವಾಲಾಡುತ್ತಿದ್ದೆ.

"ನೋವು ಯಾವ ಕಾಲಿಗೆ ಮಗಾ?"

"ಬಲದ್ದಕ್ಕೆ."

"ಹಾಗಾದ್ರೆ ಕೋಲು ಎಡಗೈಗೆ ತಗೋ. ಕೋಲೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋಗ್ಬೇಕು."

ಹಾಗೆ ಮಾಡಿದೆ. ನೆಲ ನೆಟ್ಟಗಾಯಿತು! ಆಮೇಲೆ ಅವರು ನನ್ನ ಕೈ ಇಳಿಬಿಡಿಸಿ, ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರುವಂತೆ ಗುರುತು ಹಾಕಿ ಕೆಳಗೆ ಹೆಚ್ಚಾದದ್ದನ್ನು ಕೊಯ್ಯಿಸಿದರು, ತುದಿಗೆ ಹೊಸ ರಬ್ಬರು ಹಾಕಿಸಿದರು. ಕೊನೆಗೆ ನಮ್ಮ ಜಗಲಿಯ ಮೆಟ್ಟಿಲಿನ ಮುಂದೆ ನಿಲ್ಲಿಸಿ ಹೇಳಿದರು, "ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಕೋಲು ಮತ್ತೆ ನೋವಿನ ಕಾಲು ಮೊದಲು. ನಿನ್ನ ಬಸ್ಸು ಹತ್ತುವಾಗ ನಾನು ಇದನ್ನೇ ಮನಸ್ಸಲ್ಲಿ ಹೇಳಿಕೊಳ್ತಾ ಇದ್ದೆ. ನೀನು ಕೂಗಿದ್ದಕ್ಕೆ ಉತ್ತರ ಕೊಟ್ರೆ ತಪ್ಪಿ ಹೋಗ್ತಿತ್ತು."

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಅವರು ಮಾತ್ರ ಏನೂ ಆಗದವರಂತೆ "ಹ್ಞಾಂ, ಹತ್ತು" ಎಂದರು.

ಊತ ಇಳಿದ ಮೇಲೆ ಡಾಕ್ಟರು ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುವ ವ್ಯಾಯಾಮ ಕೊಟ್ಟರು. ಅ ಆ ಇ ಈ ಬರೆದು ಬೇಸರವಾಗಿ ನನ್ನ ಸ್ಟಾಪುಗಳನ್ನೇ ಬರೆಯತೊಡಗಿದೆ. ಮೆಲ್ಕಾರ್ ಸುಲಭ. ಸಿದ್ದಕಟ್ಟೆಯ ಒತ್ತಕ್ಷರಗಳಲ್ಲಿ ಪ್ರಾಣ ಬಾಯಿಗೆ ಬರುತ್ತಿತ್ತು. ಬೆಳುವಾಯಿಯವರೆಗೆ ನೋವಿಲ್ಲದೆ ಬರೆದ ದಿನ ಹೆಂಡತಿಯನ್ನು ಕರೆದು ಇನ್ನೊಮ್ಮೆ ಬರೆದು ತೋರಿಸಿದೆ. ಅವಳಿಗೆ ಒಂದಕ್ಷರವೂ ಕಾಣಲಿಲ್ಲ, ಆದರೂ ಚಂದ ಉಂಟು ಎಂದಳು.

ಎರಡು ತಿಂಗಳು ತುಂಬಿದ ದಿನ ಶನಿವಾರ. ಆ ಹೊತ್ತಿಗೆ ಕೋಲು ಬೇಡವಾಗಿತ್ತು. ಬಸ್ಸಿನ ಎತ್ತರದ ಮೆಟ್ಟಿಲಿನದ್ದೇ ಹೆದರಿಕೆ. ಐಸಮ್ಮನೊಂದಿಗೆ ಸ್ಟಾಪಿನಲ್ಲಿ ನಿಂತಿದ್ದೆ, ಬಸ್ಸು ಬಂತು. ಮುಂದಿನ ಸೀಟಿನಲ್ಲಿ ಧಣಿಗಳೇ ಕುಳಿತಿದ್ದರು. ನನ್ನ ಬದಲಿಗೆ ಬಂದ ಕಂಡಕ್ಟರು "ಬೇಗ, ಬೇಗ!" ಎಂದು ಕೂಗಿದ. ಪಕ್ಕದಲ್ಲಿದ್ದ ಐಸಮ್ಮ ಅವನತ್ತ ನೋಡಲೂ ಇಲ್ಲ. "ನೀನು ಹತ್ತು ಮಗಾ. ಬಸ್ಸು ನಿಲ್ತದೆ" ಎಂದರು.

ಕಂಬಿ ಹಿಡಿದೆ. ಎಡಗಾಲು. ಬಲಗಾಲು. ಮತ್ತೆ ಎಡಗಾಲು. ಮೇಲಿದ್ದೆ! "ಇಳಿದು ತೋರಿಸು" ಎಂದರು ಧಣಿಗಳು. ಇಳಿದೆ, ಬಲಗಾಲು ಮೊದಲು. ಕೇಳದಿದ್ದರೂ ಇನ್ನೊಮ್ಮೆ ಹತ್ತಿ, ಇನ್ನೊಮ್ಮೆ ಇಳಿದೆ. ಧಣಿಗಳು ಎದ್ದು ಬಂದು ಟಿಕೆಟ್ ಮೆಷಿನ್ನನ್ನು ನನ್ನ ಕೊರಳಿಗೇ ಹಾಕಿದರು. ಬಸ್ಸಿನವರು ಚಪ್ಪಾಳೆ ತಟ್ಟಿದರು, ಡ್ರೈವರು ಸುಮ್ಮಸುಮ್ಮನೆ ಹಾರನ್ ಹೊಡೆದ. ಐಸಮ್ಮ ಹತ್ತಿ ಕೂರುವವರೆಗೆ ಕಾದು ಸೀಟಿ ಊದಿದೆ. ಅಷ್ಟು ಜೋರಾಗಿ ನಾನು ಎಂದೂ ಊದಿರಲಿಲ್ಲ.

ಐಸಮ್ಮನಿಗೆ ಈಗ ಎಂಬತ್ತು ದಾಟಿದೆ, ಶನಿವಾರ ತಪ್ಪಿಸಿಲ್ಲ. ಕೋಲು ಹಿಡಿದವರು ಯಾರೇ ಇರಲಿ, ನಾನು ಕೆಳಗಿಳಿದು ಬಾಗಿಲ ಬದಿಯಲ್ಲಿ ನಿಲ್ಲುತ್ತೇನೆ. ಒದೆಯಲು ಮಾತ್ರ ಈಗ ಯಾರ ಮನೆಗೂ ಹೋಗುವುದಿಲ್ಲ.

ಇವತ್ತು ಮೂಡುಬಿದಿರೆ ಮುಟ್ಟುವಾಗ ತಡವಾಗಿತ್ತು. ಸ್ಟ್ಯಾಂಡಿನಲ್ಲಿ ಬಸ್ಸುಗಳ ಸಮಯ ಬರೆಯುವವರು "ಪುನಃ ನಾಲ್ಕು ನಿಮಿಷ ಲೇಟಾ? ಕಾರಣ ಎಂತ ಬರೆಯುವುದು?" ಎಂದು ಗದರಿದರು.

"ಕೋಲಿನವರು ಮೂರು ಜನ ಇದ್ರು" ಎಂದೆ. "ಮೂವರೂ ಅವರವರ ಕಾಲಲ್ಲೇ ಇಳಿದಿದ್ದಾರೆ. ಹಾಗೆಯೇ ಬರೀರಿ."