ಎಲ್ಲಿಗೆಂದು ಕೇಳದ ಕಮಾಂಡ್

ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂಬುದು ನಮ್ಮ ಸೀಮೆಯ ಅಲಿಖಿತ ಶಾಸನ. ಕೇಳಿದರೆ ಹೊರಟ ಕೆಲಸ ಕೆಡುತ್ತದಂತೆ. ಬಾಯಿತಪ್ಪಿ ಕೇಳಿಯೇಬಿಟ್ಟರೆ, ಹೊರಟವರು ಚಪ್ಪಲಿ ಕಳಚಿ ಒಳಗೆ ಬಂದು, ಅರೆಗಳಿಗೆ ಕೂತು, ಒಂದು ಲೋಟ ನೀರು ಕುಡಿದು, ಕೇಳಿದವರನ್ನು ಕಣ್ಣಲ್ಲೇ ಸುಟ್ಟು ಪುನಃ ಪ್ರಯಾಣ ಆರಂಭಿಸಬೇಕು. ನನ್ನ ಹೆಂಡತಿಗೆ ಈ ಶಾಸನ ಎಂದೂ ನೆನಪಿರುವುದಿಲ್ಲವಾದ್ದರಿಂದ, ಗೌರಿಬಿದನೂರಿನ ನಮ್ಮ ಮನೆಯ ಹೊಸ್ತಿಲ ಬಳಿ ನಾನು ಈವರೆಗೆ ಕುಡಿದಿರುವ ನೀರಿನಿಂದ ಸಣ್ಣದೊಂದು ಕುಂಟೆಯನ್ನೇ ತುಂಬಿಸಬಹುದು.

ಇಂಥ ನಂಬಿಕೆ ಕಂಪ್ಯೂಟರಿನೊಳಗೂ ಹೊಕ್ಕು ಕೂರಬಲ್ಲದೆಂದು ಹೇಳಿದರೆ ನೀವು ನಗುತ್ತೀರಿ. ನಾನೂ ನಕ್ಕವನೇ. ಚಿಕ್ಕಬಳ್ಳಾಪುರದಲ್ಲಿ ಒಂದು ಮಹಡಿಯ ಮೇಲಿರುವ ನಮ್ಮ ಪುಟ್ಟ ಕಂಪನಿ, ರೇಷ್ಮೆ ಹುಳು ಸಾಕುವ ಮನೆಗಳ ಶಾಖವನ್ನು ಅಳೆದು, ಅದು ಮಿತಿಮೀರಿದರೆ ರೈತರಿಗೆ ತಾನಾಗಿ ಫೋನ್ ಹೋಗುವಂಥ ಸಾಫ್ಟ್‌ವೇರ್ ಮಾಡುತ್ತದೆ. ಅದರ ಹೊಸ ಆವೃತ್ತಿಗಳನ್ನು ಸರ್ವರಿಗೆ ಕಳಿಸುವುದು ನನ್ನ ಉದ್ಯೋಗ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಟೈಪಿಸಿ ಎಂಟರ್ ಒತ್ತುವುದಷ್ಟೇ. ಈ ಮಹತ್ಕಾರ್ಯಕ್ಕೆ ಸಂಬಳ ಕೊಡುತ್ತಾರೆಂದರೆ ನಮ್ಮತ್ತೆ ಇಂದಿಗೂ ನಂಬುವುದಿಲ್ಲ.

ಆ ಕಮಾಂಡನ್ನು ಬರೆದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಚಿಂತಾಮಣಿಯ ನಂಜುಂಡಪ್ಪನವರು. ಲೋಕದ ಉಳಿದ ಕಮಾಂಡುಗಳು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳುತ್ತವೆ: ಎಲ್ಲಿಗೆ? ನಾವು ಪರೀಕ್ಷೆ ಮಾಡಿಕೊಳ್ಳುವ ಟೆಸ್ಟ್ ಸರ್ವರಿಗೋ, ರೈತರು ದಿನವೂ ನೆಚ್ಚಿಕೊಂಡಿರುವ ಪ್ರೊಡಕ್ಷನ್ನಿಗೋ? ನಂಜುಂಡಪ್ಪನವರು ಈ ಪ್ರಶ್ನೆಯನ್ನು ಸೇರಿಸಲು ಸುತರಾಂ ಒಪ್ಪಲಿಲ್ಲ. “ಹೊರಟಿರೋದನ್ನ ಎಲ್ಲಿಗೆ ಅಂತ ಕೇಳೋದುಂಟೇನಪ್ಪ? ಹಿಂದಿನ ಸಲ ಎಲ್ಲಿಗೆ ಹೋಗಿತ್ತೋ ಅಲ್ಲಿಗೇ ಹೋಗ್ತದೆ. ಬೇರೆ ಕಡೆ ಹೋಗ್ಬೇಕು ಅಂದ್ರೆ ನೀನೇ ಮೊದಲೇ ಹೇಳಿಡು,” ಎಂದರು. ನಾವು ನಕ್ಕು ಹಾಗೇ ಒಪ್ಪಿಕೊಂಡೆವು.

ಶಾಖ ಏರಿದಾಗ ರೈತರ ಫೋನಿನಲ್ಲಿ ಕೇಳುವ, ರೆಕಾರ್ಡ್ ಮಾಡಿಟ್ಟ ಧ್ವನಿಯೂ ಅವರದೇ: “ಶಾಖ ಜಾಸ್ತಿ ಆಗೈತೆ, ಕಿಟಕಿ ತೆಗೀರಮ್ಮ.” ಒಂದೇ ಸಲ ಹೇಳಿ ಕರೆ ಮುಗಿಯುತ್ತದೆ. ಹೋದ ವರ್ಷ ಕುರ್ಚಿಯಲ್ಲಿ ಕೂತಿದ್ದಂತೆಯೇ ಅವರ ಹೃದಯ ನಿಂತಿತು. ಧ್ವನಿ ಮಾತ್ರ ನಿಲ್ಲಲಿಲ್ಲ. ತಿಥಿಯ ಊಟಕ್ಕೆ ಎಲೆಯ ಮುಂದೆ ಕೂತಿದ್ದಾಗ ಎದುರು ಸಾಲಿನಲ್ಲಿ ಯಾರೋ ರೈತರ ಫೋನು ಹೊಡೆದುಕೊಂಡಿತು. ಅವರು ಕೈ ಎಂಜಲೆಂದು ಸ್ಪೀಕರ್ ಒತ್ತಿದರು. “ಶಾಖ ಜಾಸ್ತಿ ಆಗೈತೆ...” ಎಲೆಗಳ ಮೇಲೆ ಕೈಗಳೆಲ್ಲ ನಿಂತವು. ನಂಜುಂಡಪ್ಪನವರ ಹೆಂಡತಿ ಸೌಟು ಹಿಡಿದು ಒಳಗಿನಿಂದ ಬಂದು, ಮಾತು ಮುಗಿಯುವವರೆಗೂ ಆ ಫೋನನ್ನೇ ನೋಡುತ್ತಾ ನಿಂತಿದ್ದರು. ಧ್ವನಿಯನ್ನು ಬದಲಿಸಬೇಕೆಂದು ಅಂದೇ ಮಾತಾಡಿಕೊಂಡೆವು. ಯಾರೂ ಬದಲಿಸಲಿಲ್ಲ. ನನಗಂತೂ ಕೈ ಬರಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ, ಪರೀಕ್ಷೆಗೆಂದು ನಾನೊಂದು ಆವೃತ್ತಿ ತಯಾರಿಸಿದ್ದೆ. ಪರದೆಯ ಬಣ್ಣಗಳನ್ನು ನೋಡಲೆಂದು ಅದರಲ್ಲಿ ಎಲ್ಲ ಮನೆಗಳ ಶಾಖವನ್ನೂ ಇಪ್ಪತ್ತೈದು ಡಿಗ್ರಿ ಎಂದು ಬರೆದಿಟ್ಟಿದ್ದೆ. ಹಿಂದಿನ ದಿನ ಹೋದದ್ದು ಪ್ರೊಡಕ್ಷನ್ನಿಗೆ ಎಂಬುದನ್ನು ಮರೆತು ಎಂಟರ್ ಒತ್ತಿದೆ. ಕಮಾಂಡ್ ಏನೂ ಕೇಳಲಿಲ್ಲ, ಹೋಯಿತು. ನಾನು ನಿಶ್ಚಿಂತೆಯಿಂದ ಮುದ್ದೆ ಉಂಡು, ಎರಡು ಗಂಟೆ ಬಿಟ್ಟು ಬಂದು ರೈತರಿಗೆ ಕಾಣುವ ಪರದೆ ತೆರೆದೆ. ಚಿಂತಾಮಣಿ ಇಪ್ಪತ್ತೈದು. ಶಿಡ್ಲಘಟ್ಟ ಇಪ್ಪತ್ತೈದು. ಎಲ್ಲ ಇಪ್ಪತ್ತೈದು. ಇಂದು ಎಷ್ಟು ತಂಪಾಗಿದೆ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು! ಕಿಟಕಿಯಾಚೆ ಬೀದಿನಾಯಿ ಜೀಪಿನಡಿಯಲ್ಲಿ ನಾಲಗೆ ಚಾಚಿ ಮಲಗಿತ್ತು. ಸದಾ ಮಿಡುಕಾಡುವ ಅಂಕಿಗಳಲ್ಲಿ ಒಂದೂ ಅಲುಗುತ್ತಿರಲಿಲ್ಲ. ಅಷ್ಟೂ ಮನೆಗಳು ಒಟ್ಟಿಗೆ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿರುವಂತಿತ್ತು. ಆಗ ಅರ್ಥವಾಯಿತು. ಪರೀಕ್ಷೆಯ ಆವೃತ್ತಿ ಹೋಗಿದ್ದು ಪ್ರೊಡಕ್ಷನ್ನಿಗೆ; ನಾನು ನೋಡುತ್ತಿದ್ದುದು ನಾನೇ ಬರೆದಿಟ್ಟ ಅಂಕಿ.

ಮೊದಲು ನೆನಪಾದವರು ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ರತ್ನಕ್ಕ. ಅವರ ಹುಳು ಮನೆಗೆ ಶೀಟಿನ ಚಾವಣಿ. ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು, ಗೂಡು ಕಟ್ಟಲು ಇನ್ನು ಮೂರು ನಾಲ್ಕು ದಿನವಷ್ಟೇ ಉಳಿದಿತ್ತು. ಆ ಬಿಸಿಲಿಗೆ ಕಿಟಕಿ ಮುಚ್ಚಿದ್ದರೆ ತಟ್ಟೆತಟ್ಟೆಯ ಹುಳುಗಳೂ ಸತ್ತು ಕರಗಿರುತ್ತವೆ. ನಮ್ಮ ಫೋನನ್ನು ನಂಬಿಕೊಂಡೇ ಅವರು ದೂರದ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿರುತ್ತಾರೆ. ಹಳೆಯ ಆವೃತ್ತಿಯನ್ನು ವಾಪಸು ಕಳಿಸುವಾಗ ಕಮಾಂಡನ್ನು ಮೂರು ಸಲ ತಪ್ಪಾಗಿ ಟೈಪಿಸಿದೆ. ಅಂಕಿಗಳು ಒಂದೊಂದಾಗಿ ಜೀವ ತಳೆದವು. ರತ್ನಕ್ಕನ ಮನೆ: ಇಪ್ಪತ್ತಾರು. ನಂಬಲಾಗದೆ ಫೋನ್ ಮಾಡಿದೆ.

“ರತ್ನಕ್ಕ, ಹುಳು ಹೆಂಗವೆ?”

“ಚೆನ್ನಾಗವೆ ಕಣಪ್ಪ. ನಿಮ್ಮ ಫೋನು ಬಂತಲ್ಲ, ತೋಟದಿಂದ ಓಡ್ಬಂದು ಕಿಟಕಿ ತೆಗ್ದೆ, ತಂಪಿಗೆ ನೇತು ಹಾಕಿರೋ ಗೋಣಿಗೆಲ್ಲ ನೀರು ಹಾಕ್ದೆ. ಒಳಗೆ ಹೆಂಚು ಕಾದಂಗೆ ಕಾದಿತ್ತು.”

“ಯಾವಾಗ ಬಂತಕ್ಕ?”

“ಬಂದು ಒಂದು ಗಂಟೆ ಆಗಿರ್ಬೇಕು.”

ಒಂದು ಗಂಟೆಯ ಹಿಂದೆ ಆ ಮನೆಯ ಶಾಖ, ನನ್ನ ಕೈಯಾರೆ, ಇಪ್ಪತ್ತೈದು. ಫೋನ್ ಹೋಗುವಂತೆಯೇ ಇರಲಿಲ್ಲ. ಹೋದ ಕರೆಗಳ ಪಟ್ಟಿ ತೆಗೆದು ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ನಾನು ಎಂಟರ್ ಒತ್ತಿದ ಮೇಲೆ ಒಂದೂ ಕರೆ ಇಲ್ಲ. ಅಕ್ಕ ಬೆಳಗಿನ ಕರೆಯನ್ನು ಹೇಳುತ್ತಿರಬಹುದು, ಬಿಸಿಲು ಕಂಡು ಅವರೇ ಓಡಿಬಂದಿರಬಹುದು, ಪಟ್ಟಿಯೇ ಕೆಟ್ಟಿರಬಹುದು ಎಂದೆಲ್ಲ ಓದುಬಲ್ಲವನಿಗೆ ಶೋಭಿಸುವ ಸಮಾಧಾನಗಳನ್ನು ಜೋಡಿಸಿದೆ. ಯಾವುದೂ ಮನಸ್ಸಿನಲ್ಲಿ ಕೂರಲಿಲ್ಲ.

ಅಂದು ಸಂಜೆಯೇ ಕಮಾಂಡಿಗೆ ಆ ಪ್ರಶ್ನೆಯನ್ನು ಸೇರಿಸಿದೆ. ಈಗದು ಪ್ರತಿ ಸಲ ‘ಎಲ್ಲಿಗೆ?’ ಎಂದು ಕೇಳುತ್ತದೆ. ಕೇಳಿದಾಗಲೆಲ್ಲ ನಾನು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದು, ಕೂತು, ಉತ್ತರ ಬರೆಯುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ಅಂದು ಫೋನ್ ಇಡುವ ಮುನ್ನ ರತ್ನಕ್ಕ ಹೇಳಿದ್ದನ್ನು ಮಾತ್ರ ಅವಳಿಗೆ ನಾನು ಹೇಳಿಲ್ಲ. ನಂಜುಂಡಪ್ಪನವರು ತೀರಿಹೋದದ್ದು ಅಕ್ಕನಿಗೆ ಗೊತ್ತಿರಲಿಲ್ಲ. “ಆ ಫೋನಲ್ಲಿ ಮಾತಾಡೋ ನಿಮ್ಮ ದೊಡ್ಡೋರಿಗೆ ನಾನು ಕೇಳ್ದೆ ಅಂತ ಹೇಳಪ್ಪ. ಪುಣ್ಯಾತ್ಮ, ದಿನಾ ಒಂದ್ಸಲ ಹೇಳಿ ಇಟ್ಬಿಡೋರು. ಇವತ್ತು ನಾನು ‘ಬಂದೆ ಕಣಪ್ಪ, ಬಂದೆ’ ಅನ್ನೋವರ್ಗೂ ಬಿಡ್ಲೇ ಇಲ್ಲ.”

“ಹೇಳ್ತೀನಿ ಕಣಕ್ಕ,” ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ಆಗ ಅನಿಸಲಿಲ್ಲ, ಈಗಲೂ ಅನಿಸುತ್ತಿಲ್ಲ.